ಎಸ್ತೆರ್ ಟೀಚರು ಮತ್ತು ಗಂಡನ ಒಂದು ಹನಿ ರಕ್ತ

ಕುಲಶೇಖರದ ವಾಲ್ಟರ್ ಇಗರ್ಜಿಯ ಗಾಯನ ಮಂಡಳಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ. ಹಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕ್ರಿಸ್ಮಸ್ಸಿಗೆ ಮನೆಯ ಹಂದಿಯನ್ನು ತಾನೇ ಕಡಿದು, ಮೊಣಕೈವರೆಗೆ ಕೆಂಪು ಮಾಡಿಕೊಂಡು ಅಂಗಳದಲ್ಲಿ ನಿಂತು ನೆರೆಯವರನ್ನು ಕೂಗಿ ಕರೆಯುವ ಗಂಡಸು. ಅವನ ಹೆಂಡತಿ ಎಸ್ತೆರ್, ಜೆಪ್ಪುವಿನ ಶಾಲೆಯ ಟೀಚರು, ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ಧೈರ್ಯವೆಂದೇ ತಿಳಿದಿದ್ದಳು.

ಮೊದಲನೆಯ ಮಗಳು ಗಟ್ಟಿಮುಟ್ಟಾಗಿ ಹುಟ್ಟಿದಳು. ಎರಡನೆಯ ಮಗು ಹುಟ್ಟಿದ ದಿನವೇ ಅರಸಿನದ ಬಣ್ಣಕ್ಕೆ ತಿರುಗಿ ಮೂರು ದಿನಕ್ಕೆ ಹೋಯಿತು. ಮೂರನೆಯದೂ ಹಾಗೆಯೇ. ದಿನಾ ಬಸ್ಸಿನಲ್ಲಿ ಕುಲುಕಿಕೊಂಡು ಹೋಗುವ ಬಸುರಿಗೆ ಇನ್ನೇನಾದೀತು ಎಂದಳು ಅತ್ತೆ ಮಟಿಲ್ಡಾ. ತಾಯಿಯ ಮಾತಿಗೆ ವಾಲ್ಟರ್ ತನ್ನದನ್ನೂ ಸೇರಿಸಿ ಎಸ್ತೆರಳ ತವರಿನ ಕಡೆಗೆ ಬೆರಳು ಮಾಡಿದ. ತಮ್ಮದು ಗೋವೆಯಿಂದ ಬಂದ ಶುದ್ಧ ರಕ್ತ, ಅದರಲ್ಲಿ ಇಂಥದ್ದೆಲ್ಲ ಇಲ್ಲ ಎಂದ. ಎರಡು ಸಣ್ಣ ಪೆಟ್ಟಿಗೆಗಳು ಮಣ್ಣಿಗಿಳಿದದ್ದನ್ನು ಕಂಡು ಬಂದಿದ್ದ ಎಸ್ತೆರ್ ಮರುವಾರ ಮತ್ತೆ ಶಾಲೆಯ ಬಸ್ಸು ಹತ್ತಿದಳು.

ಅರವತ್ತಮೂರನೆಯ ಇಸವಿಯಲ್ಲಿ ಮತ್ತೆ ಬಸಿರಾದಾಗ ಅವಳು ಯಾರನ್ನೂ ಕೇಳಲಿಲ್ಲ. ಶಾಲೆ ಬಿಟ್ಟ ಮೇಲೆ ಹಂಪನಕಟ್ಟೆಯಲ್ಲಿ ಇಳಿದು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ತೂಕ, ಬಿ.ಪಿ. ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು, ತೀರಿಹೋದ ಮಕ್ಕಳ ಕತೆ ಕೇಳಿ ರಕ್ತವನ್ನೂ ತೆಗೆಸಿದರು. ಮುಂದಿನ ವಾರ ಲ್ಯಾಬಿನ ಹೆಲನ್ ಚೀಟಿ ಹಿಡಿದು ವಿವರಿಸಿದಳು. ಎಸ್ತೆರಳದು ಆರ್‌ಎಚ್ ನೆಗೆಟಿವ್ ಎಂಬ ಅಪರೂಪದ ರಕ್ತ. ಗಂಡನದು ಪಾಸಿಟಿವ್ ಆಗಿದ್ದು, ಮಗು ತಂದೆಯದನ್ನೇ ಪಡೆದುಕೊಂಡರೆ, ತಾಯಿಯ ರಕ್ತ ಮಗುವಿನ ರಕ್ತದ ಮೇಲೆ ತಿರುಗಿಬೀಳುತ್ತದೆ. ಚೊಚ್ಚಲು ಉಳಿದು ಆಮೇಲಿನವು ಹಳದಿಯಾಗುವುದು ಅದರಿಂದಲೇ. ಇದರಲ್ಲಿ ಯಾರ ತಪ್ಪೂ ಇಲ್ಲ, ಮುಂಚೆಯೇ ತಿಳಿದರೆ ದಾರಿ ಉಂಟು, ಯಜಮಾನರ ಒಂದು ಹನಿ ರಕ್ತ ಬೇಕು ಎಂದಳು.

ಆ ಒಂದು ಹನಿಗೆ ವಾಲ್ಟರ್ ಆರು ವಾರ ನೆಪ ಹೇಳಿದ. ಭಟ್ಟಿಗೆ ಬೆಂಕಿ ಹಾಕುವ ದಿನ ಎಂದ, ಶೀತ ಎಂದ, ಹಾಡಿನ ಅಭ್ಯಾಸ ಎಂದ. ಕೊನೆಗೆ, ತನ್ನ ರಕ್ತವನ್ನು ಪರೀಕ್ಷೆ ಮಾಡುವುದೆಂದರೆ ಮನೆತನಕ್ಕೇ ಅವಮಾನ ಎಂದ. ಎಸ್ತೆರ್ ಪಾದ್ರಿಗಳ ಬಾಯಿಂದ ಹೇಳಿಸಿದ ಮೇಲೆ ಇಸ್ತ್ರಿ ಮಾಡಿದ ಕೋಟು ತೊಟ್ಟು ಹೊರಟ.

ಲ್ಯಾಬಿನ ಸ್ಟೂಲಿನ ಮೇಲೆ ಕುಳಿತವನು ಹೆಲನ್ ಸೂಜಿ ಎತ್ತಿದ್ದನ್ನು ಕಂಡ, ಅಷ್ಟೆ. ಮುಖ ಬಿಳಿಚಿತು. ಸೂಜಿ ತಾಗುವ ಮೊದಲೇ ಸ್ಟೂಲಿನಿಂದ ಜಾರಿ ನೆಲಕ್ಕೆ ಬಿದ್ದ. ನೀರು ಚಿಮುಕಿಸಿ ಎಬ್ಬಿಸಿದಾಗ, ಬೆಳಿಗ್ಗೆಯಿಂದ ಪಿತ್ತ ಇತ್ತು ಎಂದು ಕೋಟು ಕೊಡವಿಕೊಂಡು ಹೊರಗೆ ನಡೆದ.

ತನಗೆ ಕೋಪ ಬಂದೀತೆಂದು ಎಸ್ತೆರ್ ಕಾದಳು. ಬರಲಿಲ್ಲ. ಮನೆತನ, ಶುದ್ಧ ರಕ್ತ ಎಂದು ಎರಡು ಮಕ್ಕಳ ಸಾವನ್ನು ತನ್ನ ತಲೆಗೆ ಕಟ್ಟಿದ್ದು ಈ ಪುಕ್ಕಲನೇ ಎಂದುಕೊಂಡಳು. ಇಷ್ಟು ವರ್ಷ ಇವನಿಗೆ ಹೆದರಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋದಳು.

"ಅವರದ್ದು ಸಿಗುವುದಿಲ್ಲ. ಇನ್ನು ಎಂತ ಮಾಡುವುದು?"

"ಅವರು ಬೇಡ ಟೀಚರ್. ನಿಮ್ಮ ರಕ್ತವನ್ನೇ ಆಗಾಗ ನೋಡ್ತೇವೆ. ನೀವು ತಪ್ಪದೆ ಬಂದರೆ ಸಾಕು."

ಅವಳು ತಪ್ಪಲಿಲ್ಲ. ಎಂಟನೆಯ ತಿಂಗಳ ಚೀಟಿಯಲ್ಲಿ ಲಕ್ಷಣ ಕೆಟ್ಟದಾಗಿ ಕಂಡಿತು. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿ ಮಗುವಿನ ರಕ್ತವನ್ನೇ ಬದಲಾಯಿಸಬೇಕು ಎಂದರು ಡಾಕ್ಟರಮ್ಮ. ಅದಕ್ಕೆ ನೆಗೆಟಿವ್ ರಕ್ತದ ಒಬ್ಬರು ಬೇಕಿತ್ತು. ಹೆಲನ್ ಬಂದರಿನಲ್ಲಿ ಮೂಟೆ ಹೊರುವ, ಅಂಥದೇ ರಕ್ತದ ಬೂಬ ಬ್ಯಾರಿಗೆ ಹೇಳಿ ಕಳಿಸಿದಳು. ಅವರು ಕೆಲಸದ ಮಧ್ಯೆಯೇ ಬಂದು ತೋಳು ಚಾಚಿ ಮಲಗಿ, ಈ ಸಲ ಬಂಗುಡೆ ಮೀನು ಕಮ್ಮಿ ಎಂದು ಮಾತಾಡುತ್ತಲೇ ರಕ್ತ ಕೊಟ್ಟರು. ಮರುದಿನ ಮತ್ತೆ ಬೇಕಾಗಿ, ತಮ್ಮಂಥದೇ ರಕ್ತವಿದ್ದ ಅಣ್ಣನನ್ನು ಕರೆತಂದರು. ಮಗ ಉಳಿದ.

ನಾಮಕರಣದ ಊಟದಲ್ಲಿ ವಾಲ್ಟರ್ ಗ್ಲಾಸು ಎತ್ತಿ, ನಮ್ಮ ರಕ್ತ ಅಂದರೆ ಸುಮ್ಮನೆ ಅಲ್ಲ, ಯಮನನ್ನೇ ಓಡಿಸಿತು ಎಂದ. ನೆಂಟರು ತಲೆಯಾಡಿಸಿದರು. ಎಸ್ತೆರ್ ಬಡಿಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಮಗುವಿಗೆ ಹಾಕಿದ್ದು ಬಂದರಿನ ಬೂಬ ಬ್ಯಾರಿಯವರದ್ದು, ಅವರ ಅಣ್ಣನದ್ದು. ನಿಮ್ಮದು ಒಂದು ಹನಿಯೂ ಸಿಗಲಿಲ್ಲ. ಸೂಜಿ ನೋಡಿಯೇ ಬಿದ್ದಿರಲ್ಲ."

ಮಟಿಲ್ಡಾ ಮಗನ ಮುಖ ನೋಡಿದಳು. ಅವನು ಗ್ಲಾಸಿನೊಳಗೆ ನೋಡುತ್ತಿದ್ದ.

ಇನ್ನೊಂದು ಮಗು ಬೇಡ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಎಸ್ತೆರ್ ತನ್ನ ಮಂಚವನ್ನು ಮಕ್ಕಳ ಕೋಣೆಗೆ ಹಾಕಿಸಿಕೊಂಡಳು. ಶಾಲೆಯ ಮಕ್ಕಳ ತಾಯಂದಿರಲ್ಲಿ ಯಾರಾದರೂ ಬಸುರಿ ಎಂದು ಗೊತ್ತಾದರೆ, ಶನಿವಾರ ಮಧ್ಯಾಹ್ನ ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಳು. ಗಂಡನನ್ನು ಕೇಳಿ ಬರ್ತೇನೆ ಎಂದವರಿಗೆ, ಬಸ್ಸು ಬಂತು, ಹತ್ತಿ ಎನ್ನುತ್ತಿದ್ದಳು.