ಕಳ್ಳಿಹಣ್ಣಿನ ಕೆಂಪು

ಈ ವರ್ಷ ನನ್ನ ತಮ್ಮನ ಮಗನಿಗೆ ಹಟ್ಟಿಯ ಗೌಡಿಕೆ ಬಂತು. ಗೌಡಿಕೆ ಹೇಗೆ ನಡೆಸಬೇಕು ಹೇಳಿಕೊಡಿ ದೊಡ್ಡಪ್ಪ ಅಂತ ನನ್ನ ಮುಂದೆ ಬಂದು ಕೂತ. ಅಷ್ಟು ವರ್ಷ ಗೌಡಿಕೆಯ ಕೋಲು ಹಿಡಿದವನು ಬೇಕಾದಷ್ಟು ಹೇಳಿಯಾನು ಅಂತ ಅವನ ಎಣಿಕೆ. ನನಗೆ ಗೊತ್ತಿರುವುದು ಸೋತ ಇಬ್ಬರ ಕಥೆ ಮಾತ್ರ. ಒಬ್ಬ ಯೆಹೂದ್ಯರ ಮೊದಲನೆಯ ರಾಜ, ಇನ್ನೊಬ್ಬ ನಾನು. ಬಾಯಲ್ಲಿ ಹೇಳಲು ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಪ್ಲೇಗು ಬಂದು ಹೋದ ಮೇಲಿನ ಬೇಸಿಗೆ. ನನ್ನಿವಾಳದ ಈಚೆ ನಮ್ಮ ಕಾವಲಿನಲ್ಲಿ ಹುಲ್ಲೂ ಮುಗಿದಿತ್ತು, ನೀರೂ ಮುಗಿದಿತ್ತು. ದೇವರ ಎತ್ತುಗಳನ್ನೂ ಹಟ್ಟಿಯ ದನಗಳನ್ನೂ ಹೊಡೆದುಕೊಂಡು ಜಟಿಂಗ ರಾಮೇಶ್ವರದ ಗುಡ್ಡದ ಕಡೆ ಹೊರಟೆವು. ದೇವರ ಎತ್ತಿಗೆ ನಮ್ಮಲ್ಲಿ ನೊಗ ಹೂಡುವುದಿಲ್ಲ, ಕೋಲು ಮುಟ್ಟಿಸುವುದಿಲ್ಲ. ಅದು ಬಾಯಾರಿ ಬಿದ್ದರೆ ಹಟ್ಟಿಯೇ ಕೆಟ್ಟಿತು ಅಂತ ನಂಬಿದವರು ನಾವು.

ಮೂರನೆಯ ದಿನ ಬೆಳಗ್ಗೆ ನೋಡಿದರೆ ಎತ್ತುಗಳಿಗೆಂದು ಇಟ್ಟಿದ್ದ ತೊಗಲಚೀಲದಲ್ಲಿ ಅರ್ಧ ನೀರಿಲ್ಲ. ಯಾರೋ ಕುಡಿದಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಸುತ್ತ ಹತ್ತು ಹಳ್ಳಿಗೆ ಗೊತ್ತಿದ್ದದ್ದೇ. ದೊಡ್ಡ ಎತ್ತಿನ ಹಣೆಯ ಮೇಲೆ ಕೈಯಿಟ್ಟು ಆಣೆ ಹಾಕಿದೆ.

“ಈ ಎತ್ತು ಹೊಟ್ಟೆ ತುಂಬ ನೀರು ಕುಡಿಯೋವರ್ಗೂ ಯಾರೂ ಬಾಯಿಗೆ ಏನೂ ಹಾಕಂಗಿಲ್ಲ. ಹಾಕ್ದೋನು ನನ್ನ ಮಗ ಆದ್ರೂ ಸೈ, ಅವ್ನು ನಮ್ಮ ಹಟ್ಟಿಯೋನಲ್ಲ!”

ಮಗ ಅಂದದ್ದು ಮಾತಿನ ಜೋರಿಗೆ. ನನ್ನ ಒಬ್ಬನೇ ಮಗ ನಸುಕಿನಲ್ಲೇ ಎದ್ದು ನೀರು ಹುಡುಕಿಕೊಂಡು ಮುಂದೆ ಹೋಗಿದ್ದ. ಆಗ ತಾನೇ ಮದುವೆ ಮಾತು ನಡೆಯುತ್ತಿದ್ದ ಗಟ್ಟಿ ಆಳು. ಈ ಆಣೆ ಅವನ ಕಿವಿಗೆ ಬೀಳಲಿಲ್ಲ.

ದೇವರ ದನ ಕಾಯುವ ಹಿರಿಯ ಕಿಲಾರಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಹಿಂದೊಮ್ಮೆ ಪಂಚಾಯ್ತಿಯಲ್ಲಿ ಎದುರು ಮಾತಾಡಿದ್ದಕ್ಕೆ, ವಯಸ್ಸಾದವನು ಅಂತಲೂ ನೋಡದೆ ನಾನು ಅವನ ರುಮಾಲು ತೆಗೆಸಿ ಬಿಸಿಲಲ್ಲಿ ನಿಲ್ಲಿಸಿದ್ದೆ. ಅಂದಿನಿಂದ ಹಟ್ಟಿಯಲ್ಲಿ ನನ್ನ ಮಾತಿಗೆ ಎರಡನೇ ಮಾತಿರಲಿಲ್ಲ. ಅದನ್ನೇ ನಾನು ಗೌರವ ಅಂದುಕೊಂಡಿದ್ದೆ. ಎಂಥ ದಡ್ಡ ನಾನು!

ಹೊತ್ತು ಇಳಿಯುವಾಗ ಮಗ ಓಡುತ್ತಾ ಬಂದ.

“ಅಪ್ಪಾ, ನೀರೈತೆ! ಬಂಡೆ ಸಂದೀಲಿ ದೊಣೆ ತುಂಬೈತೆ!”

ಅವನ ಹಿಂದೆ ಎಲ್ಲರೂ ಧೂಳೆಬ್ಬಿಸಿಕೊಂಡು ನಡೆದೆವು. ಎತ್ತುಗಳು ಕುಡಿದವು, ದನ ಕುಡಿದವು, ಜನ ಕುಡಿದರು. ಒಂದು ಕರುವೂ ಸಾಯಲಿಲ್ಲ. ಎಲ್ಲರೂ ಕುಡಿದಾಗಲಿ ಅಂತ ಮಗ ಪಕ್ಕದಲ್ಲಿ ನಿಂತಿದ್ದ. ಆಗ ನಾನು ಅವನ ಮುಖ ಸರಿಯಾಗಿ ನೋಡಿದೆ. ತುಟಿ, ಗದ್ದ, ಬೆರಳು, ಎಲ್ಲ ಪಾಪಾಸುಕಳ್ಳಿ ಹಣ್ಣಿನ ಕೆಂಪು.

“ಏನ್ಲೇ ತಿಂದೆ?”

“ಕಳ್ಳಿಹಣ್ಣಪ್ಪ. ನಾಕು ತಿಂದೆ. ಇಲ್ದಿದ್ರೆ ವಾಪಸ್ ಓಡಿ ಬರಕ್ಕೆ ಆಗ್ತಿರ್ಲಿಲ್ಲ. ನಿಂಗೂ ತಂದೀನಿ ನೋಡು.”

ಹೆಗಲ ವಲ್ಲಿಯ ಗಂಟು ಬಿಚ್ಚಿ ತೋರಿಸಿದ. ಒಂದೊಂದು ಹಣ್ಣಿನ ಮುಳ್ಳನ್ನೂ ಕಲ್ಲಿಗೆ ಉಜ್ಜಿ ತೆಗೆದಿದ್ದ.

ಎಲ್ಲರ ಕಣ್ಣೂ ನನ್ನ ಮೇಲೆ. ಆಣೆಯ ಮಾತು ಹೇಳಿದೆ. ಅವನು ಮೊದಲು ತಮಾಷೆ ಅಂದುಕೊಂಡು ನಕ್ಕ. ಆಮೇಲೆ, “ನಾನು ಕೇಳಿಸ್ಕೊಂಡೇ ಇಲ್ವಲ್ಲಪ್ಪ” ಅಂದ. ನಾನು ಕಾದೆ. ಒಬ್ಬರಾದರೂ ‘ಬಿಡ್ರಿ ಗೌಡ್ರೆ’ ಅಂದಿದ್ದರೆ ಬಿಟ್ಟುಬಿಡುತ್ತಿದ್ದೆ. ಎಲ್ಲರೂ ನೆಲ ನೋಡುತ್ತಿದ್ದರು. ನನ್ನಷ್ಟಕ್ಕೆ ನಾನೇ ಮಾತು ಹಿಂದಕ್ಕೆ ತೆಗೆದುಕೊಳ್ಳಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆದಿತ್ತೇನೋ, ಮೀಸೆ ಬಿಡಲಿಲ್ಲ.

“ಆಣೆ ಆಣೆನೇ” ಅಂದೆ.

ಅವನು ಹಣ್ಣಿನ ಗಂಟನ್ನು ನನ್ನ ಕಾಲ ಹತ್ತಿರ ಇಟ್ಟು ರಾಂಪುರದ ದಾರಿ ಹಿಡಿದ. ದೊಣೆಯ ನೀರನ್ನೂ ಕುಡಿಯಲಿಲ್ಲ.

ಮನೆಗೆ ಬಂದ ಮೇಲೆ ಅವನ ಅವ್ವ ಒಂದೇ ಮಾತು ಕೇಳಿದಳು. “ಕೇಳ್ದೇ ಇರೋ ಮಾತಿಗೆ ಎಂಥ ದಂಡನೆ ರೀ?” ಅವಳು ಮತ್ತೆ ನನ್ನ ಹತ್ತಿರ ಮಗನ ಮಾತೆತ್ತಲಿಲ್ಲ, ಬೇರೆ ಮಾತೂ ಹೆಚ್ಚು ಆಡಲಿಲ್ಲ.

ನಾನು ವಾರವಾರ ರಾಂಪುರದ ಸಂತೆಗೆ ಹೋಗತೊಡಗಿದೆ. ಬಳ್ಳಾರಿ ಕಡೆಯಿಂದ ಬರುವ ಗಾಡಿಯವರನ್ನು ಹಿಡಿದು ಅವನ ಚಹರೆ ಹೇಳಿ ಕೇಳುತ್ತಿದ್ದೆ. ಐದು ವರ್ಷವಾದರೂ ಯಾರೂ ಕಂಡೆ ಅನ್ನಲಿಲ್ಲ. ಅಂಥದೊಂದು ಸಂತೆಯ ದಿನ ಬೇವಿನ ಮರದ ಕೆಳಗೆ ಕ್ರಿಸ್ತನ ಮತ ಸಾರುವವನೊಬ್ಬ ಕಥೆ ಹೇಳುತ್ತಿದ್ದ. ಕಾಲು ನೋಯುತ್ತಿತ್ತು, ನೆರಳಿತ್ತು, ಕೂತೆ.

ಯೆಹೂದ್ಯರ ಮೊದಲ ರಾಜನ ಕಥೆ. ಆಳು ಎತ್ತರ, ಬುದ್ಧಿ ಗಿಡ್ಡ. ಯುದ್ಧದ ದಿನ, ಸಂಜೆವರೆಗೂ ಯಾರೂ ಏನೂ ತಿನ್ನಕೂಡದು ಅಂತ ಸಿಪಾಯಿಗಳಿಗೆ ಆಣೆಯಿಟ್ಟನಂತೆ. ಅವನ ಮಗ ಮುಂದೆ ಹೋಗಿ ಗೆದ್ದವನು, ಆಣೆ ಕೇಳಿಸಿಕೊಂಡಿರಲಿಲ್ಲ, ಕಾಡಿನಲ್ಲಿ ಜೇನು ತಿಂದನಂತೆ. ರಾಜ ಮಗನನ್ನು ಕೊಲ್ಲುತ್ತೇನೆ ಅಂದನಂತೆ.

ನಾನು ಮುಂದಕ್ಕೆ ಸರಿದು ಕೂತೆ. “ಆಮ್ಯಾಲೆ?” ಅಂದೆ.

“ಜನ ಅಡ್ಡ ನಿಂತ್ರು ಯಜಮಾನ್ರೆ. ಇವತ್ತು ನಮ್ಮನ್ನು ಕಾಪಾಡಿದ್ದೇ ಅವ್ನು, ಮುಟ್ಟಕ್ಕೆ ಬಿಡಲ್ಲ ಅಂದ್ರು. ರಾಜ ಬಿಟ್ಟ.”

ಸಂತೆಯ ನಡುವೆ ಕೂತು ಅತ್ತೆ. ಆತ ನನ್ನ ಮನಸ್ಸು ದೇವರ ಕಡೆ ತಿರುಗಿತು ಅಂದುಕೊಂಡು ಪುಸ್ತಕ ಕೈಗಿಟ್ಟ. ಆ ರಾಜ ಆಮೇಲೆ ಇನ್ನೂ ಕೆಟ್ಟ, ರಾಜ್ಯ ಕಳೆದುಕೊಂಡ ಅಂತಲೂ ಹೇಳಿದ. ಇರಲಿ. ಆ ಕೆಟ್ಟ ರಾಜನ ಜನಕ್ಕೆ ಬಾಯಿತ್ತು. ನನ್ನವರ ಬಾಯನ್ನು ನಾನೇ ಹೊಲಿದಿದ್ದೆ.

ಊರಿಗೆ ಬಂದವನೇ ಕಿಲಾರಿಯ ಗುಡಿಸಲಿಗೆ ಹೋದೆ. ಅವನಿಗೆ ಆಗ ಕಣ್ಣು ಮಂಜಾಗಿತ್ತು. ಅವನ ಎದುರು ನೆಲದ ಮೇಲೆ ಕೂತು ಕೇಳಿದೆ, “ಅವತ್ತು ಯಾಕೆ ಒಬ್ರೂ ಅಡ್ಡ ಬರ್ಲಿಲ್ಲ?”

ಅವನು ದನಿ ಬಂದ ಕಡೆ ಮುಖ ತಿರುಗಿಸಿದ.

“ಹೆಂಗೆ ಬರೋದು ಗೌಡ್ರೆ? ದಾರಿ ಉದ್ದಕ್ಕೂ ಕಳ್ಳಿ ಇತ್ತಲ್ಲ. ನೀವು ಮುಂದೆ ನಡೀತಿದ್ರಿ, ಹಿಂದೆ ನಾವೆಲ್ಲ ತಿಂದ್ವಿ. ನಾನೂ ತಿಂದೆ. ತಿಂದು ಬಾಯಿ ಒರೆಸ್ಕೊಂಡ್ವಿ. ಒರೆಸ್ಕೋಬೇಕು ಅಂತ ಆ ಹುಡುಗಂಗೆ ಗೊತ್ತಿರ್ಲಿಲ್ಲ.”