ಉಸಿರಿನ ಫೋಟೋ ತೆಗೆಸಿದ ದಿನ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಸ್ಪತ್ರೆಯವರು ಉಪವಾಸ ಇರಿ ಎಂದಿರಲಿಲ್ಲ. ಪರೀಕ್ಷೆ ಎಂದಮೇಲೆ ಹೊಟ್ಟೆ ಖಾಲಿ ಇರಬೇಕು ಎಂಬುದು ನನ್ನ ಸ್ವಂತ ಶಾಸ್ತ್ರ. ಪೂಜೆಗೂ ಸೂಜಿಗೂ ನನ್ನಲ್ಲಿ ಒಂದೇ ನಿಯಮ. ಹಿಂದಿನ ರಾತ್ರಿಯಿಂದ ನೀರು ಸಹ ಮುಟ್ಟದೆ ಹೋದೆ.

ಹೋಗಬೇಕಾಗಿ ಬಂದದ್ದು ಹೀಗೆ. ಬಿಬವೇವಾಡಿಯ ನಮ್ಮ ಮನೆಯಿಂದ ಕಾಯಿಪಲ್ಲೆಯ ಅಂಗಡಿ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಗೆ ಉಸಿರು ಸಾಲದೆ ಎರಡು ಕಡೆ ಕೂತು ಬಂದೆ. ಬಲಗಾಲು ಬೇರೆ ಊದಿತ್ತು. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಹೋಗಿರಬಹುದು ಎಂದರು ಡಾಕ್ಟರು. ಬಣ್ಣದ ಔಷಧ ಕೊಟ್ಟು ತೆಗೆಯುವ ಸ್ಕ್ಯಾನು ನನ್ನ ಸೋತ ಕಿಡ್ನಿಗೆ ಒಳ್ಳೆಯದಲ್ಲವಂತೆ. ಅದಕ್ಕೇ ಈ ಇನ್ನೊಂದು ಸ್ಕ್ಯಾನು, ತಡ ಮಾಡಬೇಡಿ ಎಂದರು. ಸಿಕ್ಕಿದ್ದು ಗುರುವಾರ ಬೆಳಿಗ್ಗೆ. ಅದೇ ಗುರುವಾರ ಸಂಜೆ ಊರಿನ ಆ ತುದಿಯ ವಿಮಾನ ನಗರದಲ್ಲಿ, ನನ್ನ ಮಗಳ ಮನೆಯಲ್ಲಿ, ಮೊಮ್ಮಗಳು ಹೆತ್ತ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ.

ಹನ್ನೆರಡು ದಿನದಿಂದ ಆ ಕೂಸನ್ನು ಫೋನಿನಲ್ಲಿಯೇ ನೋಡುತ್ತಿದ್ದೆ. ಫೋನಿನ ಕೂಸಿಗೆ ಭಾರವೂ ಇಲ್ಲ, ಬಿಸುಪೂ ಇಲ್ಲ. ನಮ್ಮಲ್ಲಿ ಹೆಸರಿಡುವ ಮೊದಲು ಕೂಸನ್ನು ತೊಟ್ಟಿಲ ಮೇಲಿನಿಂದ ಒಬ್ಬಳು ಕೊಡುತ್ತಾಳೆ, ಕೆಳಗಿನಿಂದ ಒಬ್ಬಳು ತೆಗೆದುಕೊಳ್ಳುತ್ತಾಳೆ. ಕೆಳಗಿನ ಕೈ ಮನೆಯ ಹಿರಿಯಳದು. ಈ ಕೂಸನ್ನು ಹಡೆದ ಮೊಮ್ಮಗಳನ್ನೂ ಹಾಗೆಯೇ ತೆಗೆದುಕೊಂಡವಳು ನಾನು. ಈ ಕೂಸು ಯಾವಾಗ ನನ್ನ ಕೈಗೆ ಬಂದೀತು ಎಂದು ಅಂಗೈ ಕಾಯುತ್ತಿತ್ತು.

ಮೂರನೇ ಇಯತ್ತೆ ಕಲಿತ ನನಗೆ ಈ ಸ್ಕ್ಯಾನು ಅರ್ಥವಾದದ್ದು ಹಿಟ್ಟಿನ ಗಿರಣಿಯ ಲೆಕ್ಕದಲ್ಲಿ. ಉಸಿರೆಂದರೆ ಬೀಸಿಟ್ಟ ಹಿಟ್ಟು, ರಕ್ತವೆಂದರೆ ಡಬ್ಬಿ ಹಿಡಿದು ಒಯ್ಯಲು ಬರುವವಳು. ಹಿಟ್ಟು ಸಿದ್ಧವಿದ್ದೂ ಒಯ್ಯುವವಳು ಬರದಿದ್ದರೆ ಅವಳ ದಾರಿಯಲ್ಲಿ ಏನೋ ಅಡ್ಡ ಬಿದ್ದಿದೆ ಎಂದರ್ಥ. ಅದಕ್ಕೇ ಎರಡು ಸಲ ಫೋಟೋ: ಒಮ್ಮೆ ಮೂಗಿಗೆ ಮುಖವಾಡ ಇಟ್ಟು ಔಷಧದ ಗಾಳಿ ಎಳೆಸಿ, ಇನ್ನೊಮ್ಮೆ ನರಕ್ಕೆ ಸೂಜಿ ಹಾಕಿ. ಆಮೇಲೆ ಎರಡನ್ನೂ ಜೋಡಿಸಿ ನೋಡುತ್ತಾರೆ.

ಗಾಳಿಗೆ ರುಚಿಯಿಲ್ಲ, ವಾಸನೆಯಿಲ್ಲ. ಯಂತ್ರ ಮೈ ಮುಟ್ಟುವುದಿಲ್ಲ. ಕಷ್ಟವಾದದ್ದು ಸೂಜಿ. ನೀರಿಲ್ಲದೆ ಒಣಗಿದ ಕೈಯಲ್ಲಿ ನರವೇ ಸಿಗಲಿಲ್ಲ. ನರ್ಸು ಮೂರು ಕಡೆ ಚುಚ್ಚಿದಳು.

"ಅತ್ತೀ, ನಿಮಗ ಉಪವಾಸ ಇರ್ರಿ ಅಂತ ಯಾರು ಹೇಳಿದ್ರು?" ಸೊಸೆ ಸುನಂದಾ ಎಲ್ಲರೆದುರೇ ಕೇಳಿದಳು.

"ಯಾರೂ ಹೇಳಿಲ್ಲ. ನನಗ ಗೊತ್ತಿತ್ತು."

"ಅದ ನಿಮ್ಮ ರೋಗ. ಪುಪ್ಪುಸದ್ದು ಆಮೇಲೆ ನೋಡೋಣ್ರಿ."

ನರ್ಸಿಗೆ ಕನ್ನಡ ಬಾರದು, ಆದರೂ ನಕ್ಕಳು. ಅತ್ತೆ-ಸೊಸೆಯ ಮಾತಿಗೆ ಭಾಷಾಂತರ ಬೇಡ.

ಕದಲದೆ ಮಲಗಬೇಕು, ತೋಳು ತಲೆಯ ಮೇಲೆ. ಮಲಗಿದೆ. ಎಲ್ಲ ಮುಗಿದ ಮೇಲೆ ಆಕೆ ಮರಾಠಿಯಲ್ಲಿ ಕೇಳಿದಳು: ಮನೆಯಲ್ಲಿ ಬಸುರಿಯರು, ಎಳೆ ಕೂಸು ಇದ್ದಾರೆಯೇ?

"ಇಲ್ಲ" ಎಂದೆ. ಕೂಸು ಇರುವುದು ವಿಮಾನ ನಗರದಲ್ಲಿ, ಬಿಬವೇವಾಡಿಯಲ್ಲಲ್ಲ. ಸುಳ್ಳೇನೂ ಹೇಳಲಿಲ್ಲ.

ಸುನಂದಾ ಬಿಡಲಿಲ್ಲ, ತೊಟ್ಟಿಲಿನ ಸುದ್ದಿಯನ್ನೆಲ್ಲ ಒಪ್ಪಿಸಿದಳು. ಮೈಯಲ್ಲಿ ಸ್ವಲ್ಪ ಕಿರಣದ ಔಷಧ ಇರುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ, ನೀರು ಜಾಸ್ತಿ ಕುಡಿಯಿರಿ, ಇವತ್ತು ಮಾತ್ರ ಕೂಸನ್ನು ತೊಡೆಯ ಮೇಲೆ ತೆಗೆದುಕೊಳ್ಳಬೇಡಿ ಎಂದಳು ನರ್ಸು. ಬಸುರಿಯರು, ಹಾಲೂಡಿಸುವವರು ಈ ಸ್ಕ್ಯಾನಿಗೆ ಮೊದಲೇ ಹೇಳಬೇಕಂತೆ. ನೀವೂ ಹೇಳಿ. ನನ್ನ ಹಾಗೆ ಊರಿನ ಗಡಿ ಹಾಕಿ ಉತ್ತರ ಕೊಡಬೇಡಿ.

ಮಧ್ಯಾಹ್ನ ಡಾಕ್ಟರ ಫೋನು ಬಂತು. ಎಡಗಡೆ ಒಂದು ಸಣ್ಣ ಜಾಗಕ್ಕೆ ರಕ್ತ ಹೋಗುತ್ತಿಲ್ಲ. ಗುಳಿಗೆ ಇವತ್ತೇ ಶುರು, ಉಬ್ಬಸ ಹೆಚ್ಚಾದರೆ ಕೂಡಲೇ ಬರಬೇಕು. ತೊಟ್ಟಿಲಿಗೆ ಬೇಕಾದರೆ ರಿಕ್ಷಾದಲ್ಲಿ ಹೋಗಿ, ಲಿಫ್ಟಿನಲ್ಲಿ ಏರಿ, ಕೂತು ಬರಬಹುದು.

ಕೂತೆ, ಕೋಣೆಯ ಆ ತುದಿಯ ಕುರ್ಚಿಯಲ್ಲಿ. ತೊಟ್ಟಿಲ ಕೆಳಗೆ ನನ್ನ ಬದಲು ಕೈ ಚಾಚಿದವಳು ಬೀಗತಿ, ಮಗಳ ಅತ್ತೆ. ಕೂಸು ಮೇಲಿನಿಂದ ಹೋಯಿತು, ಕೆಳಗಿನಿಂದ ಬಂತು. ಕೂಸಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರು ಪದ್ಧತಿಯಂತೆ ನಗುತ್ತ ಅವಳ ಬೆನ್ನಿಗೆ ಗುದ್ದಿದರು. ನನ್ನ ಕೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಅದನ್ನು ಸೆರಗಿನೊಳಗೆ ಇಟ್ಟುಕೊಂಡೆ. ಮೊಮ್ಮಗಳು ದೂರದಿಂದ ಕೂಸನ್ನು ಎತ್ತಿ ತೋರಿಸಿ, "ಅಜ್ಜಿ, ನಾಳಿ ನಿಮ್ಮ ಪಾಳಿ" ಎಂದಳು.

ನಾಳೆ ತೆಗೆದುಕೊಳ್ಳುತ್ತೇನೆ, ಅದು ಇದ್ದೇ ಇದೆ. ಆದರೆ ಆ ಕುರ್ಚಿಯಲ್ಲಿ ಕೂತಾಗ ನನಗೆ ಬೇಕಾದದ್ದು ನಾಳೆಯೊಂದೇ ಅಲ್ಲ ಎಂದು ತಿಳಿಯಿತು. ನೂರು ವರ್ಷದ ಆಸೆಯಿಲ್ಲ. ಆ ಕೂಸು ಯಾರೂ ಕೊಡದೆ, ತಾನೇ ನಡೆದು ಬಂದು ನನ್ನ ತೊಡೆ ಏರುವಷ್ಟು ದಿನ ಈ ಪುಪ್ಪುಸ ನಡೆದರೆ ಸಾಕು. ಏರಿದ ಮೇಲೆ, ಮೊಣಕಾಲು ನೋಯುತ್ತದೆ, ಇಳಿ ಎಂದು ನಾನೇ ಬೈಯುತ್ತೇನೆ.