ಹಾಲುಮತದ ಕರೆವ್ವ ಹಾಲು ಬಿಟ್ಟದ್ದು

ಕರೆವ್ವ ನಮ್ಮ ಮನೆಗೆ ಬೆಣ್ಣೆ ತರಲು ಶುರು ಮಾಡಿದ್ದು ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ. ನಾನು ಆಗ ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಅವಳ ಊರು ಮುಧೋಳದ ರಸ್ತೆಯಲ್ಲಿ ಎರಡು ಹರದಾರಿ ಆಚೆ. ಗಂಡ ಗಿರಿಮಲ್ಲಪ್ಪ ಕುರಿ ಕಾಯುತ್ತಿದ್ದ. ಮನೆಯಲ್ಲಿ ಎರಡು ಎಮ್ಮೆ, ತುಸು ಜೋಳದ ಹೊಲ, ಅತ್ತೆ ತಂಗೆವ್ವ, ತಂದೆಯ ಜೊತೆ ಕುರಿಯ ಹಿಂದೆಯೇ ಇರುತ್ತಿದ್ದ ಒಬ್ಬ ಮಗ. ಅವನ ಬೆನ್ನಿಗೆ ಹುಟ್ಟಿದ ಶೇವಂತಿ ಎಂಬ ಹುಡುಗಿ ಮೂರು ವರ್ಷದವಳಿದ್ದಾಗ ತೀರಿಕೊಂಡಿದ್ದಳೆಂದು ಕರೆವ್ವ ಒಮ್ಮೆ ಮಾತಿನ ನಡುವೆ ಹೇಳಿದ್ದಳು. ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಸಂತೆಯ ದಿನ ಬೆಳಿಗ್ಗೆ ತಲೆಯ ಮೇಲೆ ಗಡಿಗೆ ಹೊತ್ತು ಬಂದು, ಬೆಣ್ಣೆ ತೂಗಿಕೊಟ್ಟು, ನೀರು ಕುಡಿದು, ಎರಡು ಮಾತಾಡಿ ಹೋಗುವವಳು. ಸಾವಿರದ ಒಂಬೈನೂರ ಐವತ್ತೆರಡರ ಬೇಸಿಗೆಯಲ್ಲಿ ಒಂದು ದಿನ ಗಡಿಗೆ ಇಳಿಸಿದವಳು ಹಾಗೆಯೇ ಗೋಡೆಗೆ ಒರಗಿ ಕೂತುಬಿಟ್ಟಳು. ಕೈ ಎತ್ತಿದರೆ ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಕೇಳಿದೆ. ಉಂಡದ್ದು ನಿಲ್ಲುವುದಿಲ್ಲ, ಹೊಟ್ಟೆ ಉಬ್ಬರಿಸಿ ಗುಡುಗುಡು ಎನ್ನುತ್ತದೆ, ದಿನಕ್ಕೆ ಆರು ಸಲ ಹೊಲದ ಕಡೆ ಓಡಬೇಕಾಗುತ್ತದೆ, ಮೂರು ತಿಂಗಳಾಯಿತು ಎಂದಳು. ಮನೆದೇವರು ಬೀರಪ್ಪನಿಗೆ ಹರಕೆ ಹೊತ್ತದ್ದಾಗಿತ್ತು, ಗುಡಿಯ ಭಂಡಾರದ ಅರಿಶಿನ ನೀರಿನಲ್ಲಿ ಕಲಸಿ ಕುಡಿದದ್ದಾಗಿತ್ತು.

ನಮ್ಮ ಓಣಿಯಲ್ಲೇ ವಾಸುದೇವರಾಯರ ದವಾಖಾನೆ. ಪುಣೆಯಲ್ಲಿ ಕಲಿತು ಬಂದ ವಯಸ್ಸಾದ ಡಾಕ್ಟರರು. ಮನೆಯಲ್ಲಿ ಮರಾಠಿ, ದವಾಖಾನೆಯಲ್ಲಿ ಕನ್ನಡ. ನಾನೇ ಅವಳನ್ನು ಕರೆದುಕೊಂಡು ಹೋದೆ. ಮೊದಲ ತಿಂಗಳು ಅವರು ಕೊಟ್ಟ ಔಷಧಿಯಿಂದ ಏನೂ ಆಗಲಿಲ್ಲ. ಎರಡನೆಯ ಸಲ ಹೋದಾಗ ಅವರು ನಾಡಿ ಹಿಡಿಯಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ಏನೇನು ತಿನ್ನುತ್ತೀ ಹೇಳು ಎಂದರು. ಹೊಟ್ಟೆ ಕೆಟ್ಟಾಗಿನಿಂದ ರೊಟ್ಟಿ ಭಾರವಾಗುತ್ತದೆಂದು ಅತ್ತೆ ಬರೀ ಹಾಲು ಮತ್ತು ಮಜ್ಜಿಗೆಯಲ್ಲಿ ಕಲಸಿದ ನುಚ್ಚು ಕೊಡುತ್ತಿದ್ದಾಳೆ ಎಂದಳು ಕರೆವ್ವ. ರಾಯರು ಔಷಧಿಯ ಚೀಟಿ ಬರೆಯಲು ತೆಗೆದಿದ್ದ ಪೆನ್ನನ್ನು ಕೆಳಗಿಟ್ಟರು.

"ಇಪ್ಪತ್ತೊಂದು ದಿವಸ ಹಾಲು ಮುಟ್ಟಬ್ಯಾಡ ಕರೆವ್ವ. ಮೊಸರು, ಮಜ್ಜಿಗಿ ಯಾವುದೂ ಬ್ಯಾಡ. ಕೆಲವರ ಹೊಟ್ಟಿಗೆ ಹಾಲು ಅರಗೂದಿಲ್ಲ."

"ಎಳಿಗೂಸು ಇದ್ದಾಗಿಂದ ಕುಡದೇನ್ರಿ," ಎಂದಳು ಅವಳು. "ಇಷ್ಟ ವರ್ಷ ಅರಗಿದ್ದು ಈಗ್ಯಾಕ ಅರಗೂದಿಲ್ರಿ?"

ಅದು ತನಗೂ ಪೂರ್ತಿ ಗೊತ್ತಿಲ್ಲವೆಂದು ರಾಯರು ಒಪ್ಪಿಕೊಂಡರು. ಇಪ್ಪತ್ತೊಂದು ದಿನ ಬಿಟ್ಟ ಮೇಲೆ ಒಂದು ಬಟ್ಟಲು ಹಾಲು ಕುಡಿದು ನೋಡು, ಏನಾಗುತ್ತದೆಂದು ಬಂದು ಹೇಳು ಎಂದು ಕಳಿಸಿದರು.

ಹೇಳುವುದು ಸುಲಭವಿತ್ತು. ಕುರಿ ಕಾಯುವ ಕರೆವ್ವನ ಮಂದಿಗೆ ಹಾಲುಮತದವರೆಂದೇ ಹೆಸರು. ಮೊದಲು ಕರೆದ ಹಾಲು ಬೀರಪ್ಪನಿಗೆ ಮೀಸಲು, ಉಳಿದದ್ದು ಮನೆಗೆ. ಅಂಥ ಮನೆಯ ಸೊಸೆ ಹಾಲು ಬೇಡವೆಂದರೆ ದೇವರಿಗೆ ಬೆನ್ನು ಮಾಡಿದ ಹಾಗೆ ಎಂದು ತಂಗೆವ್ವ ಎರಡು ದಿನ ಮಾತು ಬಿಟ್ಟಳು. ಗಿರಿಮಲ್ಲಪ್ಪ ಮಾತ್ರ, ಔಷಧಿಯ ಹಾಗೆ ತಿಳಿದುಕೊಂಡು ಬಿಟ್ಟು ನೋಡಲಿ ಎಂದ.

ಬಿಟ್ಟ ಕೂಡಲೇ ಸುಖವಾಗಲಿಲ್ಲ. ಮೊದಲ ವಾರ ತಲೆ ಸಿಡಿಯುತ್ತಿತ್ತು. ಹೊಟ್ಟೆಯ ಉಬ್ಬರ ಇಳಿಯಲಿಲ್ಲ. ಗುರೆಳ್ಳಿನ ಚಟ್ನಿಪುಡಿಯ ಜೊತೆ ನೀರಿನಲ್ಲಿ ಅದ್ದಿದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಡೀ ಮನೆಗೆ ಮಜ್ಜಿಗೆ ಕಡೆಯುವವಳು ಅವಳೇ. ಕಡೆಗೋಲು ತಿರುಗಿಸುವಾಗ ಏಳುವ ವಾಸನೆಗೆ ಬಾಯಲ್ಲಿ ನೀರೂರಿ ಕಣ್ಣಿನಲ್ಲೂ ನೀರು ಬರುತ್ತಿತ್ತಂತೆ. ಹತ್ತನೆಯ ದಿನ ಮೊದಲ ಬಾರಿಗೆ ಹೊಟ್ಟೆ ಹಗುರಾಯಿತು. ಹದಿಮೂರನೆಯ ದಿನ ಮತ್ತೆ ಕೆಟ್ಟಿತು. ರಾಯರ ಮಾತೇ ಸುಳ್ಳಾಯಿತೇ ಎಂದು ಅವಳು ಕಂಗಾಲಾಗಿ ಕೂತಿದ್ದಾಗ ತಂಗೆವ್ವ ಹತ್ತಿರ ಬಂದು ಕೂತಳು. ಸೊಸೆಯದು ಬರೀ ಮನಸ್ಸಿನ ರೋಗವೆಂದು ತಿಳಿದು, ಗೊತ್ತಾಗದ ಹಾಗೆ ಸಾರಿಗೆ ಮಜ್ಜಿಗೆ ಬೆರೆಸಿದ್ದೆನೆಂದು ಮುದುಕಿ ಒಪ್ಪಿಕೊಂಡಳು. ಕರೆವ್ವ ಜಗಳವಾಡಲಿಲ್ಲ. ಆ ದಿನದಿಂದ ಸೊಸೆಯ ಸಾರು ಮಾಡುವ ಗಡಿಗೆಯನ್ನು ತಂಗೆವ್ವ ತಾನೇ ಬೇರೆ ಇಟ್ಟಳು.

ಇಪ್ಪತ್ತೊಂದು ದಿನ ಮುಗಿಯುವಷ್ಟರಲ್ಲಿ ಅವಳು ರೊಟ್ಟಿ ಉಂಡು ಅರಗಿಸುತ್ತಿದ್ದಳು. ಮರುದಿನ ರಾಯರು ಹೇಳಿದಂತೆ ಒಂದು ಬಟ್ಟಲು ಹಾಲು ಕುಡಿದಳು. ಒಂದು ತಾಸಿನೊಳಗೆ ಹೊಟ್ಟೆ ಗುಡುಗಿತು. ಹೊಲಕ್ಕೆ ಹೋದಳು. ಅಲ್ಲಿ ಅವಳಿಗೆ ಬಡಿದದ್ದು ನೋವಲ್ಲ. ನೊರೆ ನೊರೆಯಾಗಿ ಹೋದದ್ದರ ಹುಳಿ ನಾತ. ಆ ನಾತ ಅವಳಿಗೆ ಗೊತ್ತಿತ್ತು. ಇಷ್ಟು ತಿಂಗಳಿಂದಲೂ ಇದ್ದದ್ದೇ, ಆದರೆ ರೋಗದಲ್ಲಿ ಮುಳುಗಿದ್ದಾಗ ಯಾವುದೂ ಬೇರೆಯಾಗಿ ತೋರಿರಲಿಲ್ಲ. ಮೈ ಸರಿಹೋಗಿ ಮತ್ತೆ ಬಂದಾಗ ಗುರುತು ಸಿಕ್ಕಿತು. ಎಂಟು ವರ್ಷಗಳ ಹಿಂದೆ ಒಂದೂವರೆ ತಿಂಗಳು ಮಗಳು ಶೇವಂತಿ ಮಲಗಿದ್ದ ಕೌದಿಯಿಂದ ತೊಳೆದದ್ದು ಇದೇ ನಾತ.

ಶೇವಂತಿಗೆ ಮೊದಲು ಜ್ವರ ಬಂದು ಭೇದಿ ಹತ್ತಿತ್ತು. ಜ್ವರ ಇಳಿದರೂ ಭೇದಿ ನಿಲ್ಲಲಿಲ್ಲ. ಹುಡುಗಿ ಬತ್ತುತ್ತಾ ಹೋದಂತೆ ಮನೆಯವರು ಹಾಲು ಹೆಚ್ಚಿಸುತ್ತಾ ಹೋದರು. ಎಮ್ಮೆಯದು ಭಾರವೆಂದು ಕುರಿಯ ಹಾಲು, ಅದೂ ಬೇಡವೆಂದು ನೆರೆಮನೆಯಿಂದ ಆಕಳ ಹಾಲು. ಹುಡುಗಿ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದಳು, ರೊಟ್ಟಿ ಬೇಕೆಂದು ಕೈ ಚಾಚುತ್ತಿದ್ದಳು. ರೊಟ್ಟಿ ಕೊಟ್ಟರೆ ಸಾಯುತ್ತಾಳೆಂದು ಅವಳ ಬಾಯಿ ಬಿಡಿಸಿ ಹಾಲು ಹಾಕಿದವಳು ಕರೆವ್ವ.

ಹಾಲು ಕುಡಿದು ಏನಾಯಿತೆಂದು ಹೇಳಲು ಅವಳು ರಾಯರ ಬಳಿ ಬರಲಿಲ್ಲ. ನಮ್ಮ ಮನೆಗೂ ಬರಲಿಲ್ಲ. ಬೆಣ್ಣೆಯನ್ನು ಬೇರೆ ಯಾರದೋ ಕೈಯಲ್ಲಿ ಕಳಿಸುತ್ತಿದ್ದಳು. ಹಾಲು ಮಾತ್ರ ಮತ್ತೆ ಮುಟ್ಟಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಕುಂಟುತ್ತಾ ಬಂದಳು. ಹೊಟ್ಟೆಯ ತೊಂದರೆ ಇರಲಿಲ್ಲ, ಮೈಗೆ ತುಸು ಮಾಂಸ ಹತ್ತಿತ್ತು. ಆದರೆ ಎಮ್ಮೆ ಕರೆಯಲು ಕುಕ್ಕರಗಾಲಿನಲ್ಲಿ ಕೂತರೆ ಮೀನಖಂಡ ಸೆಟೆದು ಕಲ್ಲಾಗುತ್ತಿತ್ತು. ಕಡೆಯುವಾಗ ಬೆರಳು ಜುಮುಗುಟ್ಟಿ ಒಳಕ್ಕೆ ಮಡಚಿಕೊಂಡು ಬಿಡುತ್ತಿದ್ದವು. ಮಗಳ ಶಾಪ ಎಂದು ಅವಳು ತಿಳಿದಿದ್ದಳು. ಎಲ್ಲವನ್ನೂ ನನಗೆ ಹೇಳಿದ್ದು ಅಂದೇ, ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು.

ರಾಯರು ಅವಳ ಕೈಕಾಲು ಒತ್ತಿ ನೋಡಿದರು. ಎಲುಬಿಗೂ ನರಕ್ಕೂ ಬೇಕಾದ ಸುಣ್ಣದ ಅಂಶ ಇಷ್ಟು ದಿನ ಹಾಲಿನಿಂದ ಸಿಗುತ್ತಿತ್ತು, ಅದು ನಿಂತದ್ದಕ್ಕೆ ಹೀಗಾಗಿದೆ, ಇದು ಯಾರ ಶಾಪವೂ ಅಲ್ಲ ಎಂದರು. ದಿನಾ ಒಂದು ಹಿಡಿ ಎಳ್ಳು, ರಾಜಗಿರಿ ಪಲ್ಯ, ಹುರುಳಿ ತಿನ್ನಬೇಕೆಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತಾ, ತಮ್ಮ ಮನೆಯಲ್ಲಿ ನಡೆಯುವುದಿಲ್ಲವಾದರೂ ನಿಮ್ಮಲ್ಲಿ ನಡೆಯುತ್ತದೆ, ಕುರಿಯ ಕಾಲಿನ ಸಾರು ತುಸು ಹುಣಸೆಹುಳಿ ಹಾಕಿ ಬಹಳ ಹೊತ್ತು ಕುದಿಸಿ ಕುಡಿಯುವುದು ಒಳ್ಳೆಯದು ಎಂದರು.

ಕರೆವ್ವ ಏಳಲಿಲ್ಲ. ಮಗಳ ಭೇದಿಯ ವಿಷಯ ಹೇಳಿ, ಅವಳನ್ನು ಕೊಂದದ್ದೂ ಹಾಲೇ ಇರಬಹುದೇ ಎಂದು ಕೇಳಿದಳು. ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೌದು ಅಂತ ನಾ ಹೇಳಲಾರೆ. ಅಲ್ಲ ಅಂತನೂ ಹೇಳಲಾರೆ, ಆ ಕೂಸಿನ್ನ ನಾ ನೋಡಿಲ್ಲ. ಒಂದು ಮಾತು ಖರೆ ಕರೆವ್ವ. ಅವತ್ತು ನನ್ನ ಕಡೆ ಕರಕೊಂಡು ಬಂದಿದ್ದರ ನಾನೂ ಹಾಲು ಕುಡಸ್ರಿ ಅಂತನ ಹೇಳತಿದ್ದೆ. ಆಗ ನನಗೂ ಗೊತ್ತಿರಲಿಲ್ಲ."

ಆ ಮಾತಿನಿಂದ ಅವಳಿಗೆ ಸಮಾಧಾನವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

ಗಂಡನಿಗೆ ಹೇಳಲು, ಆಮೇಲೆ ಅವಳೇ ನನಗೆ ತಿಳಿಸಿದಂತೆ, ಇನ್ನೂ ಹದಿನೈದು ದಿನ ಹಿಡಿಯಿತು. ಅವನು ಕುರಿ ಹೊಡೆದುಕೊಂಡು ಘಟಪ್ರಭೆಯ ದಂಡೆಗೆ ಹೋಗಿದ್ದ. ಕುರಿ ತರುಬಿ ಬೀಡುಬಿಟ್ಟಿದ್ದ ಹೊಲಕ್ಕೆ ಅವಳು ಬುತ್ತಿ ತೆಗೆದುಕೊಂಡು ಹೋದಳು. ಅವನು ಉಂಡು ಕೈ ತೊಳೆಯುವ ತನಕ ಕಾಯ್ದು, ನಾತದಿಂದ ಹಿಡಿದು ರಾಯರ ಮಾತಿನವರೆಗೆ ಎಲ್ಲ ಹೇಳಿದಳು. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಗಳ ಕಡೆ ನಡೆದ. ಅವಳು ಬರಿದಾದ ಬುತ್ತಿ ಗಂಟು ಹಿಡಿದು ಮನೆಗೆ ಬಂದಳು. ಇನ್ನು ಅವನು ತನ್ನ ಮುಖ ನೋಡುವುದಿಲ್ಲವೆಂದೇ ತಿಳಿದಳು.

ಮೂರನೆಯ ದಿನ ಮಧ್ಯಾಹ್ನ ಗಿರಿಮಲ್ಲಪ್ಪ ಕುರಿಯನ್ನು ಮಗನಿಗೆ ಒಪ್ಪಿಸಿ ಊರಿಗೆ ಬಂದ. ಕರೆವ್ವ ಅಂಗಳದಲ್ಲಿ ಎಳ್ಳು ಕೇರುತ್ತಿದ್ದಳು. ಅವನು ಎದುರಿಗೆ ಕೂತ.

"ನೀ ಒಬ್ಬಾಕೀನ ಕುಡಿಸಿಲ್ಲ," ಎಂದ. "ಆಕೀ ತಲಿ ನಾ ಹಿಡಕೊಂಡಿದ್ದೆ. ಮರತಿಯೇನು?"

ಅವಳು ಮರೆತಿರಲಿಲ್ಲ. ಹೇಳುವ ಧೈರ್ಯವಿರಲಿಲ್ಲ. ಅವನು ನೆಲದ ಮೇಲೆ ಬಿದ್ದ ಎಳ್ಳನ್ನು ಒಂದೊಂದೇ ಆರಿಸಿ ಮೊರಕ್ಕೆ ಹಾಕುತ್ತಾ ಕೂತ. ಎಂಟು ವರ್ಷಗಳಲ್ಲಿ ಮೊದಲ ಸಲ ಇಬ್ಬರೂ ಮಗಳ ಹೆಸರು ಹಿಡಿದು ಮಾತಾಡಿದರು. ಶೇವಂತಿ ಮೊದಲು ನಡೆದದ್ದು ಯಾವಾಗ, ಕುರಿಮರಿಗೆ ಏನೆಂದು ಹೆಸರಿಟ್ಟಿದ್ದಳು, ಇಂಥವೇ ಮಾತು. ಒಳಗಿದ್ದ ತಂಗೆವ್ವ ಬಾಗಿಲಿಗೆ ಬಂದು ನಿಂತು ಕೇಳಿ, ಮತ್ತೆ ಒಳಗೆ ಹೋದಳು. ಆ ವಾರ ಕುರಿಯ ಕಾಲು ತರಿಸಿ, ಸುಟ್ಟು ಕೆರೆದು, ಒಲೆಯ ಮುಂದೆ ಅರ್ಧ ದಿನ ಕೂತು ಸೊಸೆಗೆ ಸಾರು ಮಾಡಿದವಳು ಅದೇ ಮುದುಕಿ.

ಮೈಯ ಕಾಟ ಪೂರ್ತಿ ಹೋಗಲಿಲ್ಲ. ಬೆರಳು ಮಡಚುವುದು ಸಂಕ್ರಾಂತಿಯ ಹೊತ್ತಿಗೆ ನಿಂತಿತು. ಮೀನಖಂಡ ಮಾತ್ರ ಚಳಿಗಾಲದಲ್ಲಿ ಸೆಟೆಯುತ್ತಲೇ ಇತ್ತು, ಕುಕ್ಕರಗಾಲು ಬಿಟ್ಟು ಸಣ್ಣ ಮಣೆಯ ಮೇಲೆ ಕೂತು ಹಿಂಡುವುದನ್ನು ರೂಢಿ ಮಾಡಿಕೊಂಡಳು. ಮದುವೆ ಮನೆಗಳಲ್ಲಿ ಬರೀ ರೊಟ್ಟಿ ಪಲ್ಯ ಉಂಡು ಏಳುತ್ತಿದ್ದಳು. ಬೀರಪ್ಪನ ಗುಡಿಯಲ್ಲಿ ಹಾಲಿನ ತೀರ್ಥ ಕೊಟ್ಟರೆ ಕಣ್ಣಿಗೆ ಒತ್ತಿಕೊಂಡು ಪಕ್ಕದವರ ಕೈಗೆ ದಾಟಿಸುತ್ತಿದ್ದಳು. ಪೂಜಾರಿ ಅಮಸಿದ್ದಪ್ಪ ದೂರದ ನೆಂಟ. ಒಂದೆರಡು ಸಲ ದಿಟ್ಟಿಸಿ ನೋಡಿ ಆಮೇಲೆ ಅವಳಿಗೆ ಬರೀ ಭಂಡಾರ ಕೊಡತೊಡಗಿದ.

ಊರಿನಲ್ಲಿ ಕೂಸುಗಳಿಗೆ ಭೇದಿ ಹತ್ತಿದ ಮನೆಗೆ ಹೋಗಿ, ನಾಲ್ಕು ದಿನ ಹಾಲು ನಿಲ್ಲಿಸಿ ಗಂಜಿ ಕೊಟ್ಟು ನೋಡಿ, ನಿಲ್ಲದಿದ್ದರೆ ಜಮಖಂಡಿಗೆ ಕರೆದೊಯ್ಯಿರಿ ಎಂದು ಅವಳು ಹೇಳುತ್ತಿದ್ದಳು. ಕೆಲವರು ಕೇಳಿದರು. ಬೆಣ್ಣೆ ಮಾರುವವಳೇ ನಮ್ಮ ಕೂಸಿಗೆ ಹಾಲು ಬೇಡವೆನ್ನುತ್ತಾಳೆ ಎಂದು ಕೆಲವರು ಬೈದು ಕಳಿಸಿದರು. ಬೈದವರ ಮನೆಗೂ ಮರುದಿನ ಹೋಗುತ್ತಿದ್ದಳು.

ಐವತ್ತಾರರಲ್ಲಿ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರುವ ಮುಂಚೆ ನನಗೆ ಬನಹಟ್ಟಿಗೆ ವರ್ಗವಾಯಿತು. ಹೊರಡುವ ವಾರ ಕರೆವ್ವ ಬೆಣ್ಣೆಯ ಜೊತೆ ಒಂದು ಡಬ್ಬಿ ಎಳ್ಳಿನ ಉಂಡೆ ತಂದಳು. ಬನಹಟ್ಟಿಯಲ್ಲಿ ನೇಕಾರರ ಮನೆ ಹೆಚ್ಚು, ಛಲೋ ಬೆಣ್ಣೆ ಸಿಗುತ್ತದೋ ಇಲ್ಲವೋ ಎಂದು ಚಿಂತೆ ಮಾಡಿದಳು. ನಿನ್ನ ಬೆಣ್ಣೆಯ ರುಚಿ ನೋಡಿ ಹೇಳುವವರು ಯಾರು, ನೀನಂತೂ ಮುಟ್ಟುವುದಿಲ್ಲವಲ್ಲ ಎಂದು ನಾನು ಕೇಳಿದೆ. ಈಗ ಅವರೇ ನೆಕ್ಕಿ ನೋಡಿ ಹೇಳುತ್ತಾರೆ, ಉಪ್ಪು ಹುಳಿ ಎಂದು ತಕರಾರು ಬಹಳ ಎಂದು ಗಂಡನನ್ನು ನೆನೆದು ಸಣ್ಣಗೆ ನಕ್ಕಳು. ಆಮೇಲೆ ಬಿಸಿಲು ಏರುವ ಮೊದಲು ಸಂತೆ ಮುಟ್ಟಬೇಕೆಂದು ಗಡಿಗೆ ಎತ್ತಿಕೊಂಡು ಹೊರಟಳು.